ಬಾಣಂತಿ ಕೋಣೆಯ ಕೆಂಡ

ಮೊದಲು ಬಂದದ್ದು ತಲೆನೋವು. ಕಣ್ಣಿನ ಹಿಂದೆ ಯಾರೋ ಒನಕೆ ಹಿಡಿದು ಕುಟ್ಟಿದ ಹಾಗೆ.

ಹೆರಿಗೆಯಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ದೊಡ್ಡಬಳ್ಳಾಪುರದ ತವರುಮನೆ, ಮಗ್ಗದ ಪಕ್ಕದ ಕೋಣೆ, ನಾನು ಮತ್ತು ನನ್ನ ಹೆಣ್ಣುಮಗು. ಹೊರಗೆ ಆಷಾಢದ ಗಾಳಿ. ಎಣ್ಣೆನೀರು ಹಾಕಿಸಿಕೊಂಡ ಬಾಣಂತಿಗೆ ಶೀತ ತಾಕಬಾರದೆಂದು ಅಮ್ಮ ಕಿಟಕಿಗೆ ಹಳೇ ಸೀರೆ ತುರುಕಿದ್ದಳು. ಬಚ್ಚಲ ಒಲೆಯಿಂದ ಕೆಂಡ ಬಾಚಿ ಅಗ್ಗಿಷ್ಟಿಕೆಗೆ ತುಂಬಿ, ಮಂಚದ ಕೆಳಗಿಟ್ಟು, ಸಾಂಬ್ರಾಣಿ ಉದುರಿಸಿ, ಬಾಗಿಲೆಳೆದುಕೊಂಡು ಹೋದಳು. ನಮ್ಮ ಬೀದಿಯ ಬಾಣಂತಿಯರೆಲ್ಲ ಹೀಗೇ ಮಲಗಿ ಎದ್ದವರು.

ವಾಂತಿಯಾಯಿತು. ಅಮ್ಮನನ್ನು ಕೂಗಿದೆ.

"ಎದ್ದು ಕೂತಿದ್ದೆ ಅಲ್ವೇನೇ? ಅದಕ್ಕೇ ತಲೆಗೆ ಗಾಳಿ ಹೊಕ್ಕೈತೆ," ಎಂದು ಅಮ್ಮ ಕಿವಿಗೆ ಇನ್ನಷ್ಟು ಅರಳೆ ಇಟ್ಟಳು.

"ಇಲ್ಲ ಕಣಮ್ಮ, ಉಸಿರು ಕಟ್ಟಿದಂಗಾಗ್ತೈತೆ."

"ನಿನ್ನ ಹೆತ್ತಾಗ ನಾನೂ ಇದೇ ಕೋಣೇಲಿ ಬೆಂದಿದೀನಿ. ಸುಮ್ನೆ ಮಲ್ಕೊಳ್ಳೇ, ಮಹಾರಾಣಿ."

ಹೋಗಿ ಇನ್ನಷ್ಟು ಕೆಂಡ ತಂದು ಸುರಿದಳು.

ಎಷ್ಟು ಹೊತ್ತು ಮಂಪರಿನಲ್ಲಿದ್ದೆನೋ. ಎದೆಯಲ್ಲಿ ಹಾಲು ಉಕ್ಕಿ ರವಿಕೆ ಒದ್ದೆಯಾಗಿ ಎಚ್ಚರವಾಯಿತು. ಮಗುವಿಗೆ ಹಸಿಯುವ ಹೊತ್ತು ಮೀರಿತ್ತು.

ಮಗು ಅಳುತ್ತಿರಲಿಲ್ಲ.

ಏಳಲು ಹೋದೆ. ಕಾಲು ನನ್ನವಲ್ಲ. ಮಂಚದಿಂದ ಬಿದ್ದೆ. ತೆವಳಿಕೊಂಡು ಬಾಗಿಲು ಮುಟ್ಟಿದೆ, ಎಳೆಯಲು ಬಲವಿಲ್ಲ. ಕೈಗೆ ಸಿಕ್ಕ ಚೊಂಬಿನಿಂದ ಬಡಿದೆ. ಯುದ್ಧದ ಕಾಲ, ನೂಲು ಸಿಗದೆ ಆ ವಾರ ಮಗ್ಗ ನಿಂತಿತ್ತು. ಮನೆಯವರೆಲ್ಲ ಅದಕ್ಕೆ ಕೊರಗುತ್ತಿದ್ದೆವು. ಮಗ್ಗ ಆಡುತ್ತಿದ್ದರೆ ಆ ಬಡಿತ ಅಣ್ಣನಿಗೆ ಕೇಳಿಸುತ್ತಲೇ ಇರಲಿಲ್ಲ. ದೇವರು ಯಾವ ದಾರಿಯಿಂದ ಬರುತ್ತಾನೋ ಹೇಳಬರುವುದಿಲ್ಲ.

ಅಣ್ಣ ಬಾಗಿಲು ದೂಡಿ ಒಳಗೆ ಬಂದ. ಕೆಂಡ ಕಂಡು, ಎಲ್ಲೋ ಬೆಂಕಿ ಹತ್ತಿತೆಂದು ನೀರಿಗೆ ತಿರುಗಿದನಂತೆ. ಬೆಂಕಿ ಎಲ್ಲೂ ಹತ್ತಿರಲಿಲ್ಲ. ಹೊಗೆ ಕೂಡ ಇರಲಿಲ್ಲ. "ಮಗು" ಎಂದೆನಂತೆ. ಆಮೇಲಿನದು ನನಗೆ ಗೊತ್ತಿಲ್ಲ.

ಕಣ್ಣು ಬಿಟ್ಟಾಗ ಅಂಗಳದ ಕಲ್ಲಿನ ಮೇಲಿದ್ದೆ. ಮುಖದ ಮೇಲೆ ತುಂತುರು. ಮಗು ಅಣ್ಣನ ಕೈಯಲ್ಲಿತ್ತು, ಕೆನ್ನೆ ಕೆಂಪಗೆ.

"ನೋಡೋ, ಎಷ್ಟು ಚೆನ್ನಾಗಿ ನಿದ್ದೆ ಮಾಡ್ತೈತೆ," ಎಂದಳು ಅಮ್ಮ. ಅವಳ ಹಲ್ಲು ಕಟಕಟನೆ ಬಡಿಯುತ್ತಿದ್ದವು.

ಅಣ್ಣ ಮಗುವಿನ ಅಂಗಾಲು ತಟ್ಟಿದ. ಮತ್ತೆ ತಟ್ಟಿದ. ಕೊನೆಗೆ ಬೆಕ್ಕಿನ ಮರಿಯಂಥ ಒಂದು ಸದ್ದು ಬಂತು.

ಡಾಕ್ಟರು ಮನೆಗೇ ಬಂದರು. ನಾಡಿ ಹಿಡಿದರು, ಕೋಣೆ ನೋಡಿದರು. "ಇದು ಕೆಂಡದ ಗ್ಯಾಸ್. ಕಣ್ಣಿಗೆ ಕಾಣಲ್ಲ, ವಾಸನೇನೂ ಇಲ್ಲ."

"ನಾವೆಲ್ಲ ಬದುಕಿಲ್ವಾ ಸ್ವಾಮಿ?" ಅಮ್ಮ ಕೇಳಿದಳು.

ಅವರು ಕತ್ತೆತ್ತಿ ಸೂರು ನೋಡಿದರು. "ಆಗ ಹಂಚಿನ ಕೆಳಗೆ ಈ ಹಲಗೆ ಇತ್ತೇನಮ್ಮ? ಗ್ಯಾಸೆಲ್ಲ ಹಂಚಿನ ಸಂದೀಲಿ ಹೊರಗೆ ಹೋಗ್ತಿತ್ತು."

ಅಣ್ಣ ತಲೆ ತಗ್ಗಿಸಿದ. ಹಂಚಿನ ಸಂದಿಯ ದೂಳು ಹುಟ್ಟುವ ಮಗುವಿನ ಮೇಲೆ ಬೀಳಬಾರದೆಂದು ಆ ಬೇಸಿಗೆಯಲ್ಲಿ ಹಲಗೆ ಹೊಡೆಸಿದವನು ಅವನೇ.

"ಮುಚ್ಚಿದ ಕೋಣೆಗೆ ಕೆಂಡ ತರಬೇಡಿ. ಯಾರಿಗಾದರೂ ಹೀಗಾದರೆ ಮೊದಲು ಬಾಗಿಲು ತೆಗೆದು ಅವರನ್ನ ಬಯಲಿಗೆ ತನ್ನಿ. ಕೆಂಡದ ಗೋಜು ಆಮೇಲೆ."

ಮಗುವಿನ ವಿಚಾರ ಕೇಳಿದೆ.

"ಬ್ರೈನ್‌ಗೆ ಏನಾಗಿದೆ ಅಂತ ಈಗ ಹೇಳೋಕಾಗಲ್ಲಮ್ಮ. ಬೆಳೀತಾ ಗೊತ್ತಾಗುತ್ತೆ."

ಈಗ ಮಗುವಿಗೆ ಮೂರು ತಿಂಗಳು. ನನ್ನ ಕೈ ಇನ್ನೂ ನಡುಗುತ್ತದೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿರುವುದಿಲ್ಲ. ಆದರೂ ಹಾಲು ಬತ್ತಲಿಲ್ಲ, ಮಗು ಕುಡಿಯುವುದನ್ನು ಮರೆಯಲಿಲ್ಲ. ಕೋಣೆಯ ಕಿಟಕಿ ಹಗಲೆಲ್ಲ ತೆರೆದೇ ಇರುತ್ತದೆ. ತಪ್ಪಾಯಿತೆಂದು ಅಮ್ಮ ಹೇಳಿಲ್ಲ, ನಾನೂ ಕೇಳಿಲ್ಲ. ಬೆಳಿಗ್ಗೆ ಪೂಜೆ ಮುಗಿಸಿ, ಗಂಟೆಯನ್ನು ತಂದು ತೊಟ್ಟಿಲ ಹಿಂದೆ ನಿಂತು ಬಾರಿಸುತ್ತಾಳೆ. ಕೆಲವು ದಿನ ಮಗು ತಿರುಗುತ್ತದೆ. ಕೆಲವು ದಿನ ಸುಮ್ಮನೆ ಮೇಲೆ ನೋಡುತ್ತಿರುತ್ತದೆ. ಅಂಥ ದಿನ ಅಮ್ಮ ಊಟಕ್ಕೆ ಏಳುವುದಿಲ್ಲ.

ಇವತ್ತು ಗಂಟೆಗೆ ತಿರುಗಲಿಲ್ಲ. ಅಮ್ಮ ಗಂಟೆ ಕೆಳಗಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿದಳು.

ಆ ಸದ್ದಿಗೆ ಮಗು ತಿರುಗಿತು.

ಘಾಟಿ ಸುಬ್ರಹ್ಮಣ್ಯಸ್ವಾಮಿ, ಇವತ್ತಿಗೆ ಇಷ್ಟು ಸಾಕು.