ಧನ್ಯಾಳ ಬಟ್ಟಲಲ್ಲಿ ಅವರೆಯ ಸೊಗಡು

ನಮ್ಮ ಅತ್ತೆ ಜಯಲಕ್ಷ್ಮಮ್ಮನವರಿಗೆ ಅಂಗಡಿಯಿಂದ ಬಂದ ಯಾವುದರ ಮೇಲೂ ನಂಬಿಕೆಯಿಲ್ಲ. ಪ್ಯಾಕೆಟ್ ಹಾಲನ್ನು ಕಾಯಿಸುವ ಮೊದಲು ಮೂಸುತ್ತಾರೆ, ಕಾಯಿಸಿದ ಮೇಲೂ ಮೂಸುತ್ತಾರೆ. ದುದ್ದದ ಹಳ್ಳಿಮನೆಯಲ್ಲಿ ಹಸು ಕಟ್ಟಿ, ರಾಗಿ ಸಾಲುಗಳ ನಡುವೆ ಅವರೆ ಬಿತ್ತಿ, ಮನೆಯದನ್ನೇ ತಿಂದು ಬಾಳಿದವರು. ಈಗ ನನ್ನ ಮಗಳು ಧನ್ಯಾಳನ್ನು ನೋಡಿಕೊಳ್ಳಲು ಹಾಸನಕ್ಕೆ ಬಂದಿದ್ದಾರೆ. ಸೋಮವಾರದಿಂದ ನಾನು ಮತ್ತೆ ಚನ್ನರಾಯಪಟ್ಟಣದ ಶಾಲೆಗೆ ಹೋಗಬೇಕಿತ್ತು. ಎಂಟು ತಿಂಗಳ ಮಗು ಹಗಲೆಲ್ಲ ಅವರ ಕೈಯಲ್ಲೇ.

ಹೋದ ಬುಧವಾರ ಇಬ್ಬರೂ ಮಾರ್ಕೆಟ್ಟಿಗೆ ಹೋಗಿದ್ದೆವು. ಅವರೆಕಾಯಿ ರಾಶಿಯ ಮುಂದೆ ಕೂತ ಅತ್ತೆ ಒಂದೊಂದೇ ಕಾಯಿ ಎತ್ತಿ ಮೂಸತೊಡಗಿದರು.

“ಸೊಗಡೇ ಇಲ್ವಲ್ಲೋ ನಂಜಪ್ಪ. ನೀರು ಚುಮುಕ್ಸಿ ಇಬ್ಬನಿ ಕಾಯಿ ಅಂತೀಯಾ?”

“ಅಮ್ಮಾ, ಇರೋ ಸೊಗಡೆಲ್ಲ ನೀವೇ ಎಳ್ಕಂಬುಟ್ರೆ ಮಿಕ್ಕೋರ್ಗೆ ನಾನೇನು ಮಾರ್ಲಿ?”

ಬೈದುಕೊಂಡೇ ಚೀಲ ತುಂಬಿಸಿದರು. ಮನೆಗೆ ಬಂದು ಕಾಳು ಸುಲಿದು, ನೆನೆಹಾಕಿ, ಮರುದಿನ ಒಂದೊಂದನ್ನೇ ಹಿತುಕಿ ಸಿಪ್ಪೆ ತೆಗೆಯುವಾಗ ನಾನೂ ಜೊತೆಗೆ ಕೂತೆ.

ಮಗುವಿನ ತೂಕ ಕಡಿಮೆಯಿದೆ, ಬೇಳೆಕಾಳು ಒಂದೊಂದಾಗಿ ಶುರುಮಾಡಿ ಎಂದಿದ್ದರು ಡಾಕ್ಟರು. ಹೆಸರುಬೇಳೆ ಒಗ್ಗಿತ್ತು. ಆದರೆ ಅವರೆ ವಾಯು. ಹೋದ ತಿಂಗಳು ಹೊಟ್ಟೆಯುಬ್ಬರಕ್ಕೆ ಎರಡು ದಿನ ಚೀರಿದ ಮಗು ಅದು.

“ಧನ್ಯಾಗೆ ಅವರೆ ಮಾತ್ರ ಬೇಡ ಅತ್ತೆ.”

“ಚಳೀಲಿ ಮೈಗೆ ಕಸುವು ಬ್ಯಾಡ್ವಾ? ನಿನ್ ಗಂಡ ಈ ಬೇಳೆ ತಿಂದೇ ದುಂಡಗಾಗಿದ್ದು ಕಣವ್ವ.”

“ಈಗಲೂ ದುಂಡಗೇ ಇದ್ದಾರೆ.”

ನಕ್ಕರು. ಆದರೆ ‘ಆಯ್ತು’ ಎನ್ನಲಿಲ್ಲ. ಅದೇ ನನ್ನನ್ನು ಕೊರೆಯಿತು.

ಶುಕ್ರವಾರ ಬಟ್ಟೆ ಒಣಹಾಕಿ ಮಹಡಿಯಿಂದ ಇಳಿದು ಬಂದರೆ ಧನ್ಯಾಳ ಬೆಳ್ಳಿ ಬಟ್ಟಲು ಒದ್ದೆ. ಅವತ್ತು ನಾನಿನ್ನೂ ಅವಳಿಗೆ ಏನೂ ತಿನ್ನಿಸಿರಲಿಲ್ಲ. ಬಟ್ಟಲನ್ನು ಮೂಸಿದೆ. ತೊಳೆದರೂ ಹೋಗದ ಅವರೆಯ ಸೊಗಡು. ಓಡಿಹೋಗಿ ಮಗುವಿನ ಬಾಯಿ ಮೂಸಿದೆ, ಹೊಟ್ಟೆ ಒತ್ತಿ ನೋಡಿದೆ. ಏನೂ ತಿಳಿಯಲಿಲ್ಲ.

“ಬಟ್ಟಲು ಯಾಕೆ ಒದ್ದೆ ಅತ್ತೆ?”

“ತೊಳ್ದೆ.”

ಒಂದಕ್ಕೆ ಹತ್ತು ಮಾತಾಡುವವರು ಅಷ್ಟಕ್ಕೇ ನಿಲ್ಲಿಸಿದರು. ಸಂಜೆ ಗಂಡನ ಮುಂದೆ ಹೇಳಿಕೊಂಡರೆ, “ನಮ್ಮವ್ವ ನನ್ನ ಸಾಕ್ಲಿಲ್ವಾ?” ಎಂದರು, ಮೊಬೈಲಿನಿಂದ ಕಣ್ಣು ತೆಗೆಯದೆ. ನನ್ನೆದುರೇ ಹೀಗಾದರೆ ಸೋಮವಾರದ ಮೇಲೆ ಹೇಗೆ? ಮಗುವನ್ನು ಬೇರೆ ಕಡೆ ಬಿಡಬೇಕೇನೋ ಎಂದು ಗೆಳತಿಯೊಬ್ಬಳಿಗೆ ಮೆಸೇಜೂ ಹಾಕಿದೆ.

ಶನಿವಾರ ಮೆಡಿಕಲ್ ಸ್ಟೋರಿಗೆಂದು ಹೇಳಿ ಹೊರಟವಳು ಬೀದಿ ತುದಿಯಿಂದಲೇ ತಿರುಗಿ ಬಂದು ಹಿತ್ತಲ ಬಾಗಿಲಲ್ಲಿ ಇಣುಕಿದೆ. ಮಗು ನಿದ್ದೆಯಲ್ಲಿತ್ತು. ಅತ್ತೆ ಅಡುಗೆಮನೆಯ ನೆಲದಲ್ಲಿ ಕೂತು, ಅದೇ ಬಟ್ಟಲಿನಿಂದ, ಮಗುವಿನ ಪುಟ್ಟ ಚಮಚದಲ್ಲೇ ನುಣ್ಣಗೆ ಅರೆದ ಬೇಳೆಯನ್ನು ತಾವೇ ತಿನ್ನುತ್ತಿದ್ದರು. ಕಷಾಯ ಕುಡಿಯುವವರ ಮುಖ.

“ಏನತ್ತೆ ಇದು?”

ಬೆಚ್ಚಿಬಿದ್ದರು. “ಕಳ್ಬೆಕ್ಕಿನಂಗೆ ಬಂದ್ಬುಟ್ಯಲ್ಲವ್ವ!”

“ಮಗುಗೆ ಕೊಟ್ರಾ?”

“ಕೊಟ್ಟಿಲ್ಲ. ಆ ನಂಜಪ್ಪನ ಕಾಯಿ ನಂಬಿ ಮಗಿಗೆ ಕೊಡಕ್ಕಾಯ್ತದಾ? ನನ್ ಹೊಟ್ಟೆ ಏನಂತದೆ ಅಂತ ನೋಡ್ತಾ ಇವ್ನಿ. ಅದಕ್ಕೂ ಹಲ್ಲಿಲ್ಲ, ನಂಗೂ ಹಲ್ಲಿಲ್ಲ. ನಮ್ಮಿಬ್ಬರ ಹೊಟ್ಟೆ ಒಂದೇ. ನೆನ್ನೆ ಗುಡುಗುಡು ಅಂತು. ಅದಕ್ಕೇ ಇವತ್ತು ಓಮ, ಇಂಗು ಹಾಕಿ ಬೇಯ್ಸಿವ್ನಿ.”

“ಒಂದು ಕಲ್ಲು ಉಪ್ಪಾದ್ರೂ ಹಾಕ್ಕೋಬಾರದಾ?”

“ಮಗು ಉಪ್ಪು ಹಾಕ್ಕಂಡು ತಿಂತದಾ?”

“ನನಗೆ ಹೇಳಬಹುದಿತ್ತಲ್ಲ.”

“ಹೇಳಿದ್ರೆ ಬಿಡ್ತಿದ್ಯಾ? ಮಗಿನ ಬಾಯಿ ಮೂಸ್ದೋಳು ನೀನು. ನಾನು ನೋಡ್ಲಿಲ್ವಾ?”

ಇನ್ನೊಂದು ಚಮಚ ತಂದು ಪಕ್ಕದಲ್ಲಿ ಕೂತೆ. ಗಂಟಲಿಗಿಳಿಯದಷ್ಟು ಸಪ್ಪೆ. ನನ್ನ ಮುಖ ನೋಡಿ ಅತ್ತೆ ಸೆರಗು ಬಾಯಿಗಿಟ್ಟು ನಕ್ಕರು. ಸಂಜೆಯವರೆಗೂ ಇಬ್ಬರ ಹೊಟ್ಟೆಯೂ ಸುಮ್ಮನಿತ್ತು.

ಭಾನುವಾರ ನಾನೇ ಅರ್ಧ ಚಮಚ ತಿನ್ನಿಸಿದೆ. ಧನ್ಯಾ ಚಪ್ಪರಿಸಿ ಮತ್ತೆ ಬಾಯಿ ತೆರೆದಳು. ದಿನವಿಡೀ ಕಾದೆವು. ಮಗು ಆಡಿಕೊಂಡೇ ಇತ್ತು.

ಈ ಬೆಳಿಗ್ಗೆ ಬಟ್ಟಲನ್ನು ಅತ್ತೆಯ ಕೈಗೇ ಕೊಟ್ಟು ಹೊರಟೆ. ಬಸ್ಸು ಊರು ದಾಟುವ ಮೊದಲೇ ಫೋನ್ ಮಾಡಿದೆ.

“ಇನ್ನೂ ನಂಬ್ಕೆ ಇಲ್ವಾ?”

“ಇದೆ ಅತ್ತೆ.”

“ಇದ್ರೆ ಫೋನ್ಯಾಕೆ? ಮಡಗು. ಹಾಲು ಕಾಯ್ತಾ ಅದೆ, ಮೂಸ್ಬೇಕು.”