ತಮ್ಮನ ಪಾಲಿನ ರಕ್ತ

ಮನೆಯವರೆಲ್ಲ ಅವಳನ್ನು ಮೊಂಡಿ ಎಂದೇ ಕರೆಯುತ್ತಿದ್ದರು. ಕಬ್ಬಿಣದ ಗೋದಾಮಿನಲ್ಲಿ ಗಂಡಸರ ನಡುವೆ ಕ್ರೇನ್ ನಡೆಸುವ ಹೆಣ್ಣಿಗೆ ಆ ಹೆಸರು ಒಪ್ಪುತ್ತಲೂ ಇತ್ತು. ಮೈ ಉರಿಸುತ್ತಿದ್ದದ್ದು ಅಜ್ಜಿ ಕೊಟ್ಟ ಇನ್ನೊಂದು ಹೆಸರು: ರಕ್ತಗಳ್ಳಿ.

ತಮ್ಮ ವರ್ಷ ತುಂಬುವುದರೊಳಗೆ ಬಿಳುಚಿಕೊಂಡಿದ್ದ. ಅಂದಿನಿಂದ ತಿಂಗಳು ತಿಂಗಳು ಆಸ್ಪತ್ರೆಗೆ ಹೋಗಿ ಯಾರದೋ ರಕ್ತ ಏರಿಸಿಕೊಂಡೇ ಬದುಕಿದ್ದ. ಅಕ್ಕನೋ, ಗುಂಡುಕಲ್ಲು. "ಇವರಮ್ಮನ ಹೊಟ್ಟೇಲಿದ್ದ ರಕ್ತಾನೆಲ್ಲ ಇವಳೇ ಹೀರ್ಕೊಂಡು ಬಂದ್ಲು. ಪಾಪ, ಆ ಕೂಸಿಗೆ ಸಿಕ್ಕಿದ್ದು ತಳ ಕೆರೆದದ್ದು" ಎಂದು ಅಜ್ಜಿ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಅಮ್ಮ ಕೇಳಿಸಿಕೊಂಡು ಸುಮ್ಮನಿರುತ್ತಿದ್ದಳು. ಅಂಥ ಸುಮ್ಮನಿರುವಿಕೆಗೆ ಏನೆನ್ನಬೇಕು ಹೇಳಿ! ಮೊಂಡಿ ಎದುರುತ್ತರ ಕೊಟ್ಟರೂ ಒಳಗೊಳಗೆ ಅರ್ಧ ನಂಬಿಬಿಟ್ಟಿದ್ದಳು.

ದೂರದ ಬಂದರಿನಲ್ಲಿ ದೊಡ್ಡ ಕ್ರೇನಿನ ಕೆಲಸ ಸಿಕ್ಕಿದಾಗ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. "ತಮ್ಮನ ಪಾಲು ಕದ್ದೋಳು ಇಲ್ಲೇ ಇದ್ದು ಅವನ ಚಾಕರಿ ಮಾಡ್ಬೇಕು. ಎಲ್ಲಿಗೂ ಹೋಗೋ ಹಾಗಿಲ್ಲ."

ಬಂದರಿನವರು ಕೇಳಿದ್ದ ಆರೋಗ್ಯ ತಪಾಸಣೆಯಲ್ಲಿ ಅವಳ ರಕ್ತ ವಿಚಿತ್ರವಾಗಿ ಕಂಡಿತ್ತು. ತಮ್ಮನನ್ನು ನೋಡುತ್ತಿದ್ದ ಡಾಕ್ಟರಮ್ಮನೇ ಇನ್ನಷ್ಟು ಪರೀಕ್ಷೆ ಮಾಡಿಸಿ, ಅಮ್ಮನನ್ನೂ ಮಕ್ಕಳನ್ನೂ ಕೂರಿಸಿಕೊಂಡು ಹೇಳಿದರು.

"ಮಗು ಹೊಟ್ಟೇಲಿದ್ದಾಗ ರಕ್ತದಲ್ಲಿ ಒಂದು ಬಗೆ ಹಿಮೋಗ್ಲೋಬಿನ್ ಇರುತ್ತೆ, ಹುಟ್ಟಿದ ಮೇಲೆ ಇನ್ನೊಂದು ಬಗೆ. ಆ ಎರಡನೇದನ್ನ ಮಾಡೋ ಜೀನ್ ಅಕ್ಕ ತಮ್ಮ ನಿಮ್ಮಿಬ್ಬರಲ್ಲೂ ಕೆಟ್ಟಿದೆ. ಮೂಳೆಯೊಳಗೆ ಕೆಂಪು ಕಣ ಬಲಿಯೋವಾಗ ಕೆಲವು ಪ್ರೋಟೀನ್‌ಗಳು ಜೀನ್‌ಗಳ ಮೇಲೆ ಕೂತು, ಯಾವುದು ನಡೀಬೇಕು, ಯಾವುದು ನಿಲ್ಲಬೇಕು ಅಂತ ಹೇಳ್ತವೆ."

"ಕ್ರೇನಿಗೆ ಕೆಳಗಿಂದ ಕೈಸನ್ನೆ ಮಾಡೋರ ಥರ" ಎಂದಳು ಮೊಂಡಿ.

"ಹೂಂ, ಹಾಗೇ ಅನ್ಕೋ. ಹೊಟ್ಟೇಲಿದ್ದಾಗಿನ ಜೀನ್‌ಗೆ 'ಇನ್ನು ನಿಲ್ಲು' ಅನ್ನೋ ಪ್ರೋಟೀನ್ ನಿನ್ನಲ್ಲಿ ತೀರಾ ಕಮ್ಮಿ. ಅದಕ್ಕೇ ಆ ಜೀನ್ ಇವತ್ತಿಗೂ ಮೊದಲನೇ ಬಗೆ ಹಿಮೋಗ್ಲೋಬಿನ್ ಮಾಡ್ತಾ ನಿನ್ನ ಕಾಪಾಡ್ತಿದೆ. ತಮ್ಮನಲ್ಲಿ ಆ ಪ್ರೋಟೀನ್ ಸರಿಯಾಗೇ ಇದೆ, ನಿಲ್ಲಿಸಿಬಿಡ್ತು."

"ನನ್ನೊಳಗೆ ಕೈಸನ್ನೆ ಮಾಡೋನು ಡ್ಯೂಟಿ ತಪ್ಪದ ಪ್ರಾಣಿ. ನನ್ನ ಗ್ರಹಚಾರ!" ಎಂದು ತಮ್ಮ ನಕ್ಕ.

ಡಾಕ್ಟರಮ್ಮ ಅಮ್ಮನ ಕಡೆ ತಿರುಗಿದರು. "ಯಾರೂ ಯಾರ ಪಾಲನ್ನೂ ತಗೊಂಡಿಲ್ಲಮ್ಮ."

ಮನೆಗೆ ಬಂದವಳೇ ಅಮ್ಮ ಕಣ್ಣೊರೆಸಿಕೊಂಡು, "ಇವಳದೇನೂ ತಪ್ಪಿಲ್ಲವಂತೆ ಅತ್ತೆ" ಎಂದಳು.

ಅಜ್ಜಿ ಗತ್ತು ಬಿಡಲಿಲ್ಲ. "ಡಾಕ್ಟರೇ ಹೇಳಿದ್ಮೇಲೆ ಇನ್ನೇನು. ಹೋಗ್ಲಿ, ಕ್ಷಮಿಸಿದೀನಿ. ಕೆಲಸಕ್ಕೆ ಹೋಗ್ಲಿ."

ಮೊಂಡಿಗೆ ನಖಶಿಖಾಂತ ಉರಿಯಿತು. "ಕ್ಷಮಿಸೋಕೆ ನೀನ್ಯಾರು ಅಜ್ಜಿ? ಹುಟ್ಟೋ ಕೂಸು ಏನು ಕದಿಯುತ್ತೆ? ಆ ಡಾಕ್ಟರಮ್ಮ ಬಾಯಿ ಬಿಡದೇ ಇದ್ರೂ ನಾನು ಕಳ್ಳಿ ಆಗಿರ್ಲಿಲ್ಲ." ಆಮೇಲೆ ಅಮ್ಮನತ್ತ ನೋಡಿದಳು. ದನಿ ಇಳಿಯಿತು. "ನೀನು ಹೆತ್ತೋಳು. ನಿಂಗೂ ಇದು ಗೊತ್ತಾಗೋಕೆ ಡಾಕ್ಟರೇ ಬೇಕಾಯ್ತಾ?"

ಅವಳು ಉತ್ತರಕ್ಕೆ ಕಾಯದೆ ಹೊರಬಿದ್ದಳು. ಬಂದರಿಗೆ ಹೊರಡಲೆಂದು ಕಟ್ಟಿಟ್ಟಿದ್ದ ಅವಳ ಚೀಲ ಹೊತ್ತು ತಮ್ಮ ಆಗಲೇ ಮುಂದೆ ನಡೆದಿದ್ದ. ಬೀದಿಯ ಏರಿನಲ್ಲಿ ಏದುಸಿರು ಬಂದು ಗೋಡೆಗೆ ಒರಗಿಕೊಂಡ. ಅವಳು ಕೈ ಚಾಚಿದರೂ ಚೀಲ ಬಿಡಲಿಲ್ಲ.

"ಇಷ್ಟು ದಿನ ನನ್ನ ಹೆಸರು ಹೇಳಿ ನಿನ್ನ ಕಟ್ಟಿ ಹಾಕಿದ್ರು ಅಕ್ಕ" ಎಂದ. "ಇವತ್ತು ನಾನೇ ನಿನ್ನ ಬಸ್ ಹತ್ತಿಸ್ತೀನಿ."