ಅಕ್ಕನ ಹಾರ್ಡ್ ಡಿಸ್ಕಿಗೆ ನಾನು ಸೇರಿಸಿದ ಕಿರ್ರ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಆ ಹಾರ್ಡ್ ಡಿಸ್ಕಿನಿಂದ ಬರುತ್ತಿದ್ದದ್ದು ‘ಟಕ್, ಟಕ್’ ಅಷ್ಟೇ. ಕೊನೆಯ ‘ಕಿರ್ರ್’ ನನ್ನದು.

ಹಾನಗಲ್ಲಿನಲ್ಲಿ ನನ್ನ ಅಕ್ಕನದು ಬ್ಲೌಸ್ ಹೊಲಿಯುವ ಅಂಗಡಿ. ಕಂಪ್ಯೂಟರ್ ಹೇಳಿದಂತೆ ಕಸೂತಿ ಹಾಕುವ ಮಷಿನ್ ಒಂದಿದೆ. ಅವಳೇ ಕೂತು ಬಿಡಿಸಿದ ಡಿಸೈನುಗಳೆಲ್ಲ ಇದ್ದದ್ದು ಹೊರಗಿನಿಂದ ವೈರಿನಲ್ಲಿ ಕಂಪ್ಯೂಟರಿಗೆ ಹಚ್ಚುವ ಒಂದೇ ಹಾರ್ಡ್ ಡಿಸ್ಕಿನಲ್ಲಿ. ನಾನೋ, ಶಿಗ್ಗಾಂವಿಯಲ್ಲಿ ಮೂರು ತಿಂಗಳ ಕಂಪ್ಯೂಟರ್ ಕೋರ್ಸ್ ಮುಗಿಸಿದವನು. ಅಲ್ಲಿ ನಾನು ಚೆನ್ನಾಗಿ ಕಲಿತದ್ದು ಮಾಸ್ತರರ ಕೆಮ್ಮು ಮತ್ತು ಅವರು ಕನ್ನಡಕ ಏರಿಸುವ ರೀತಿ. ಎರಡನ್ನೂ ಇವತ್ತಿಗೂ ಮಾಡಿ ತೋರಿಸಬಲ್ಲೆ. ಮನೆಯಲ್ಲಿ ಅಷ್ಟಕ್ಕೇ ನನ್ನನ್ನು ಇಂಜಿನಿಯರ್ ಎಂದು ನಂಬಿದ್ದರು.

ಹಿರೇಕೆರೂರಿನ ಮದುಮಗಳೊಬ್ಬಳ ಬ್ಲೌಸ್ ಮಷಿನ್ ಮೇಲಿತ್ತು. ಬಲತೋಳಿನ ಮೇಲೆ ಮಲ್ಲಿಗೆ ಬಳ್ಳಿ ಹಬ್ಬಿ ಮುಗಿದಿತ್ತು, ಎಡತೋಳು ಬೋಳು. ಹುಡುಗಿಯ ಅಜ್ಜಿಯ ಸೀರೆಯ ಸೆರಗು ನೋಡಿ ಅಕ್ಕ ಆ ಬಳ್ಳಿ ಬಿಡಿಸಿದ್ದಳು. ಬೇರೆಲ್ಲೂ ಅದರ ನಕಲಿರಲಿಲ್ಲ. ಅಂಥ ಹೊತ್ತಿನಲ್ಲೇ ಡಿಸ್ಕ್ ಕಂಪ್ಯೂಟರಿನಲ್ಲಿ ಕಾಣಿಸದಾಯಿತು. ಬ್ಲೌಸ್ ಒಯ್ಯಲು ಹುಡುಗಿಯ ತಾಯಿ ಬರುವುದಕ್ಕೆ ಎರಡೇ ದಿನ.

“ಸಾಫ್ಟ್‌ವೇರ್ ಪ್ರಾಬ್ಲಮ್ ಐತಿ,” ಎಂದೆ, ಮಾಸ್ತರರ ಹಾಗೆ ಕೆಮ್ಮಿ. “ವೈರಸ್ ಹೊಕ್ಕೈತಿ.”

“ಖರೇನ ಅಥವಾ ನಿನ್ನ ನಾಟಕನ?”

“ಖರೇ ಅಕ್ಕಾ.”

ವಿಂಡೋಸ್ ಕಿತ್ತು ಹೊಸದಾಗಿ ಹಾಕಿದೆ. ಒಂದು ಇಡೀ ದಿನ ಹೋಯಿತು, ಡಿಸ್ಕ್ ಬರಲಿಲ್ಲ. ಮರುದಿನ ಯಾವ ನಾಚಿಕೆಯೂ ಇಲ್ಲದೆ ಪಕ್ಷ ಬದಲಿಸಿ, “ಹಾರ್ಡ್‌ವೇರ್,” ಎಂದೆ.

ಡಿಸ್ಕಿಗೆ ಕಿವಿ ಹಚ್ಚಿದರೆ ಒಳಗೆ ಟಕ್, ಟಕ್. ಸವಣೂರಿನಲ್ಲಿ ಡಿಸ್ಕ್ ರಿಪೇರಿ ಮಾಡುವ ಚಾಚಾ ಒಬ್ಬರಿದ್ದಾರೆ. ಅವರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ.

“ಸಪ್ಪಳ ಹೆಂಗ ಬರ್ತೈತಿ, ಮಾಡಿ ತೋರ್ಸು,” ಎಂದರು.

ಯಾರಿಗೆ ಏನು ಕೇಳುತ್ತಿದ್ದೇನೆಂದು ಆ ಹಿರಿಯರಿಗೇನು ಗೊತ್ತು. ಅಳತೆ ಕೊಡಲು ಬಂದ ಮೂವರು ಹೆಂಗಸರು ಅಂಗಡಿಯಲ್ಲಿದ್ದರು. ಮಾತು ನಿಲ್ಲಿಸಿ ನನ್ನ ಬಾಯಿಯನ್ನೇ ನೋಡತೊಡಗಿದರು. ಟಕ್ ಎಂದೆ. ಟಕ್ ಎಂದೆ. ಅವರು ಇನ್ನೂ ನೋಡುತ್ತಲೇ ಇದ್ದರು. ಬರೀ ಟಕ್ಕಿನಲ್ಲಿ ಹೇಗೆ ಮುಗಿಸುವುದು? ಗಂಟಲು ಬಿಗಿದು, ತುಕ್ಕು ಹಿಡಿದ ಗೇಟು ಎಳೆದಂತೆ ‘ಕಿರ್ರ್’ ಎಂದು ಎಳೆದೆ. ಒಬ್ಬಾಕೆ, “ಇನ್ನೊಮ್ಮೆ ಮಾಡೋ,” ಎಂದಳು.

ಫೋನಿನಲ್ಲಿ ಮಾತ್ರ ಚಾಚಾ ಮೆಲ್ಲಗೆ ಹೇಳಿದರು: “ಬೇಟಾ, ಅದನ್ನ ಈಗಿಂದೀಗ ತಗದಿಡು. ಒಳಗ ತಿರುಗೂ ತಟ್ಟಿಗೆ ಗೀರು ಬೀಳಾಕತ್ತೈತಿ. ಚಾಲೂ ಮಾಡಬ್ಯಾಡ. ಒಳಗಿಂದು ಉಳದರ ನಿಮ್ಮ ನಸೀಬ.”

ಅಕ್ಕ ಬ್ಲೌಸಿನ ಬೋಳು ತೋಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ನನ್ನನ್ನು ಬೈಯಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ. ಕಿರ್ರ್ ನನ್ನದು ಎಂದು ಆಗಲೇ ಹೇಳಬಹುದಿತ್ತು. ಆದರೆ ಎಷ್ಟು ಚಂದ ಮಾಡಿದ್ದೆನೆಂದರೆ, ಅಷ್ಟರಲ್ಲಿ ನಾನೇ ಅದನ್ನು ನಂಬಿಬಿಟ್ಟಿದ್ದೆ.

ಮರುದಿನ ಮುಂಜಾನೆ ಡಿಸ್ಕನ್ನು ವೈರ್ ಸಮೇತ ಟವೆಲಿನಲ್ಲಿ ಸುತ್ತಿ ಬಸ್ಸು ಹತ್ತಿದೆ. ಎದೆಗವಚಿ ಕೂತ ನನ್ನನ್ನು ನೋಡಿ ಕಂಡಕ್ಟರ್, “ಕೂಸಿಗೆ ಟಿಕೀಟ್ ಬ್ಯಾಡ ಬಿಡು,” ಎಂದ. ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಿ ಸವಣೂರು ಮುಟ್ಟಿದಾಗ ಚಾಚಾ ಖಾರ ಚುರುಮುರಿ ತಿನ್ನುತ್ತಿದ್ದರು. ಕೈ ಒರೆಸಿಕೊಂಡು, ತಮ್ಮ ವೈರಿನಿಂದ ಡಿಸ್ಕನ್ನು ತಮ್ಮ ಕಂಪ್ಯೂಟರಿಗೆ ಜೋಡಿಸಿ, ಕಿವಿ ಹಚ್ಚಿದರು. ಒಂದು ಸಪ್ಪಳವೂ ಇಲ್ಲ. ಪರದೆಯ ಮೇಲೆ ಮಲ್ಲಿಗೆ ಬಳ್ಳಿ ನೆಟ್ಟಗೆ ಬಂದು ನಿಂತಿತು.

“ಕಿರ್ರ್ ಎಲ್ಲೈತಿ?”

ನಾನು ಅವರ ಫ್ಯಾನ್ ನೋಡಿದೆ.

ಅವರು ನಾನು ತಂದ ವೈರನ್ನು ತಮ್ಮದೊಂದು ಹಳೆಯ ಡಿಸ್ಕಿಗೆ ಹಾಕಿದರು. ಟಕ್, ಟಕ್.

“ವೈರ್ ಒಳಗ ಹರದೈತಿ. ಕರೆಂಟ್ ಸಾಲವಲ್ದು, ಡಿಸ್ಕ್ ಏಳಾಕ ಹೋಗಿ ಮತ್ತ ಕುಂಡರತೈತಿ. ಅದರ ಸಪ್ಪಳ ಇದು. ಯಾರು ಇದನ್ನ ಹಿಂಗ ತಿರುವಿದವ್ರು?”

ದಿನಾ ಸಂಜೆ ಬುಗುರಿಗೆ ದಾರ ಸುತ್ತಿದಂತೆ ಆ ವೈರನ್ನು ಡಿಸ್ಕಿಗೆ ಬಿಗಿದು ಸುತ್ತುತ್ತಿದ್ದವನು ನಾನೇ. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ವೈರಿನದೂ ಹೇಳಿದೆ, ಕಿರ್ರಿನದೂ ಹೇಳಿದೆ.

ಚಾಚಾ ನಗಲಿಲ್ಲ. “ಮೊದಲ ವೈರ್ ಬದಲಿ ಮಾಡಿ ನೋಡೂದು. ಆಮ್ಯಾಲೆ ಇನ್ನೊಂದು ಕಂಪ್ಯೂಟರಿಗೆ ಹಚ್ಚಿ ನೋಡೂದು. ವಿಂಡೋಸಿಗೆ ಕೈ ಹಾಕೂದು ಅದರಾಚೆ,” ಎಂದರು. “ಕಿರ್ರ್ ಅನ್ನೂದು ಎಲ್ಲಾ ಮುಗದಮ್ಯಾಲೆ.”

ಹೊಸ ವೈರ್ ಹಿಡಿದು ಮಧ್ಯಾಹ್ನ ಹಾನಗಲ್ಲಿಗೆ ಮರಳಿದೆ. ನನಗಿಂತ ಮುಂಚೆ ಚಾಚಾರ ಫೋನ್ ಅಕ್ಕನನ್ನು ಮುಟ್ಟಿತ್ತು. ಅಕ್ಕ ನನ್ನ ಮುಖ ನೋಡದೆ ಡಿಸ್ಕ್ ಇಸಿದುಕೊಂಡು ಮಷಿನ್ ಚಾಲೂ ಮಾಡಿದಳು.

ಸಂಜೆ ಹಿರೇಕೆರೂರಿನ ತಾಯಿ ಬಂದಾಗ ಎಡತೋಳಿನ ಕೊನೆಯ ಹೂ ಮುಗಿಯುತ್ತಿತ್ತು. ಡಿಸ್ಕ್ ಕೆಟ್ಟ ಸುದ್ದಿ ಅವರಿಗೆ ಮೊದಲೇ ಫೋನಿನಲ್ಲಿ ಮುಟ್ಟಿತ್ತು. ಎರಡೂ ತೋಳು ಜೋಡಿಸಿ ನೋಡಿ ಅವರ ಜೀವಕ್ಕೆ ಸಮಾಧಾನವಾಯಿತು.

“ಅಂತೂ ಏನಾಗಿತ್ತವಾ ಅದಕ್ಕ? ಸಾಫ್ಟ್‌ವೇರೋ, ಹಾರ್ಡ್‌ವೇರೋ? ನಮ್ಮ ಮೈದುನ ಕೇಳ್ಕೊಂಡ ಬಾ ಅಂದಾನ.”

ನಾನು ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಏರಿಸಿ, ಒಮ್ಮೆ ಕೆಮ್ಮಿ, “ನೋಡ್ರಿ, ಇದರಾಗ ಎರಡು ನಮೂನಿ ಇರ್ತಾವ...” ಎಂದು ಶುರು ಮಾಡಿದೆ.

ಅಕ್ಕ ದಾರವನ್ನು ಹಲ್ಲಿನಿಂದ ಕಡಿದು, ತಲೆ ಎತ್ತದೆ ಹೇಳಿದಳು:

“ಎರಡೂ ಅಲ್ರಿ. ನನ್ನ ತಮ್ಮ.”